ಆಯಿಯ ಪಾವು

ಕಳೆದ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಪುಣೆಯಲ್ಲಿರುವ ಮಗಳು ಫೋನು ಮಾಡಿದಳು. ನಮ್ಮ ಬೀದರ ಸೀಮೆಯವರಿಗೆ ಎಳ್ಳ ಅಮಾವಾಸ್ಯೆ ಎಂದರೆ ಹೊಲದಲ್ಲಿ ಕೂತು ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಣ್ಣುವ ಹಬ್ಬ. ಪುಣೆಯಲ್ಲಿ ಹೊಲ ಎಲ್ಲಿಂದ ಬರಬೇಕು, ಆದರೂ ಭಜ್ಜಿಯನ್ನಾದರೂ ಮಾಡೋಣ ಎಂದು ಆಕೆಯ ಆಸೆ. ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ, ಮೆಂತ್ಯೆ ಸೊಪ್ಪು ಎಲ್ಲ ತಂದಿಟ್ಟುಕೊಂಡಿದ್ದಳು.

"ಅವ್ವಾ, ಕಡ್ಲಿ ಹಿಟ್ಟು ಎಷ್ಟು ಕಲಸ್ಲಿ?"

"ಅರ್ಧ ಪಾವ ಹಾಕು."

"ಪಾವ ಅಂದ್ರ ಎಷ್ಟು ಗ್ರಾಂ?"

"ಪಾವ ಅಂದ್ರ ಪಾವ" ಎಂದುಬಿಟ್ಟೆ. ಬಾಯಿಂದ ಮಾತು ಬಿದ್ದ ಮೇಲೆ ನನಗೇ ನಗು ಬಂತು. ಇದೇ ಮಾತನ್ನು ಐವತ್ತು ವರ್ಷದ ಹಿಂದೆ ಇದೇ ಬಸವಕಲ್ಯಾಣದ ಮನೆಯಲ್ಲಿ ನಮ್ಮ ಅತ್ತೆಯವರು ನನಗೆ ಅಂದಿದ್ದರು. ಆಗ ಅದನ್ನು ಕೇಳಿ ನಾನು ಅಡಿಗೆಮನೆಯ ಮೂಲೆಯಲ್ಲಿ ಕೂತು ಅತ್ತಿದ್ದೆ.

ಅದು 1974. ನಾನು ಹುಮನಾಬಾದದಿಂದ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದು ಎರಡು ತಿಂಗಳಾಗಿತ್ತು. ಎರಡೂ ಊರಿನ ನಡುವೆ ಹೆಚ್ಚೆಂದರೆ ಒಂದು ತಾಸಿನ ಬಸ್ಸಿನ ದಾರಿ. ಇಷ್ಟು ಹತ್ತಿರದ ಊರುಗಳಲ್ಲಿ ಮಾತು ಬೇರೆಯಾಗಿರುತ್ತದೆ ಎಂದು ಯಾರು ತಾನೇ ಯೋಚಿಸುತ್ತಾರೆ? ದೀಪಾವಳಿಗೆ ಬೇಸನ್ ಉಂಡಿ ಮಾಡುವ ಕೆಲಸ ಹೊಸ ಸೊಸೆಗೆ ಬಂತು. ಅತ್ತೆಯವರು ಪಡಸಾಲೆಯಿಂದಲೇ ಹೇಳಿದರು: ಎರಡು ಪಾವು ಹಿಟ್ಟು, ಒಂದು ಪಾವು ಸಕ್ಕರೆ ಪುಡಿ, ಮುಕ್ಕಾಲು ಪಾವು ತುಪ್ಪ. ನಾನು ಪೇಟೆಯ ಹುಡುಗಿ. ನಮ್ಮ ತಂದೆ ಹುಮನಾಬಾದದಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರು. ನಮ್ಮ ಮನೆಯಲ್ಲಿ ಪಾವು ಎಂದರೆ ತಕ್ಕಡಿಯ ಪಾವು, ಅಂದರೆ ಪಾವು ಕಿಲೋ. ಅಂಗಡಿಯಿಂದ ಅರ್ಧ ಕಿಲೋ ಹಿಟ್ಟು ತರಿಸಿದೆ, ಪಾವು ಕಿಲೋ ಸಕ್ಕರೆ ತರಿಸಿದೆ. ತುಪ್ಪ ಮಾತ್ರ ಮನೆಯದು, ಅದನ್ನು ಅತ್ತೆಯವರ ಪಾವಿನಲ್ಲೇ ಮುಕ್ಕಾಲು ಅಳೆದು ಹಾಕಿದೆ. ಹುರಿದೆ, ಕಲಸಿದೆ, ಕಟ್ಟಲು ಕೂತೆ. ಒಂದು ಉಂಡಿಯೂ ನಿಲ್ಲಲಿಲ್ಲ. ಮುಷ್ಟಿ ಬಿಚ್ಚಿದರೆ ಮರಳಿನ ಹಾಗೆ ಉದುರುತ್ತಿತ್ತು.

ಅತ್ತೆಯವರು ಬಂದು ನೋಡಿದರು. ಬೈಯಲಿಲ್ಲ. "ಪಾವ ಅಂದ್ರ ಪಾವ. ಪಾವ ಕಿಲೋ ಅಂತ ನಾ ಯಾವಾಗ ಅಂದೀನಿ?" ಎಂದು ಗೋಡೆಯ ಗೂಡಿನಿಂದ ತಮ್ಮ ಹಿತ್ತಾಳೆಯ ಪಾವನ್ನು ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಹಿಟ್ಟು ತುಂಬಿ ತೋರಿಸಿದ ಮೇಲೆ ನನಗೆ ತಿಳಿಯಿತು. ಆ ಪಾವಿನಲ್ಲಿ ಎರಡು ಸಲ ತುಂಬಿದ ಕಡಲೆ ಹಿಟ್ಟು ಪಾವು ಕಿಲೋದಷ್ಟು ಕೂಡ ತೂಗುವುದಿಲ್ಲ. ನಾನು ಬೇಕಾದದ್ದಕ್ಕಿಂತ ದುಪ್ಪಟ್ಟು ಹಿಟ್ಟು ಹಾಕಿದ್ದೆ, ತುಪ್ಪ ಮಾತ್ರ ಲೆಕ್ಕದಷ್ಟೇ ಇತ್ತು. ಉಂಡಿ ನಿಲ್ಲುವುದಾದರೂ ಹೇಗೆ?

ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಇರುವುದರಿಂದ ಆದ ಫಜೀತಿ ಇದು. ಸೇರು ಎಂದರೆ ತೂಕವೂ ಹೌದು, ಅಳತೆಯ ಪಾತ್ರೆಯೂ ಹೌದು. ಅದರ ಕಾಲು ಭಾಗ ಪಾವು, ಪಾವಿನ ಕಾಲು ಭಾಗ ಛಟಾಕು. ತೂಕದ ಸೇರಿಗೆ ಬ್ರಿಟಿಷರು 1833ರಲ್ಲೇ ಒಂದು ಲೆಕ್ಕ ಕಟ್ಟಿದ್ದರು. ಒಂದು ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಇಂದಿನ ಲೆಕ್ಕದಲ್ಲಿ ತೊಲ ಎಂದರೆ 11.66 ಗ್ರಾಂ, ಸೇರು 933 ಗ್ರಾಂ, ಪಾವು 233 ಗ್ರಾಂ. ಆದರೆ ಇದು ಎಲ್ಲ ಕಡೆಯೂ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ, ಪಕ್ಕಾ ಸೇರು ಎಂದರೆ 84 ರೂಪಾಯಿ ತೂಕ. ಮೈಸೂರಿನಿಂದ ಒಬ್ಬಳು ಸೊಸೆ ಬೀದರಕ್ಕೆ ಬಂದಿದ್ದರೆ ಆಕೆಯ ಉಂಡಿಯ ಗತಿ ಏನಾಗುತ್ತಿತ್ತೋ!

ಇನ್ನು ನಮ್ಮದು ನಿಜಾಮರ ರಾಜ್ಯ. ಇಲ್ಲಿ ರೂಪಾಯಿಯೇ ಬೇರೆ. ನಮ್ಮ ಹಾಲಿ ಸಿಕ್ಕಾ ರೂಪಾಯಿ ಇಂಗ್ಲಿಷರ ಕಲ್ದಾರ್ ರೂಪಾಯಿಗಿಂತ ಬೆಲೆಯಲ್ಲೂ ಕಡಿಮೆ, ತೂಕದಲ್ಲೂ ಕಡಿಮೆ. ಏಳು ಹಾಲಿಗೆ ಆರು ಕಲ್ದಾರ್. ಕಲ್ದಾರ್ ರೂಪಾಯಿ ಒಂದು ತೊಲ ತೂಗಿದರೆ ಹಾಲಿ ರೂಪಾಯಿ ಸುಮಾರು ಅರ್ಧ ಗ್ರಾಂ ಕಡಿಮೆ ತೂಗುತ್ತಿತ್ತು. ಮಸಾಲೆ ಖಾರಕ್ಕೆ ಲವಂಗ, ದಾಲ್ಚಿನ್ನಿ, ಜಾಪತ್ರೆ ಎಲ್ಲ ತೊಲದ ಲೆಕ್ಕದಲ್ಲೇ ಹಾಕುವುದು. ಮನೆಯಲ್ಲಿ ತೂಕದ ಕಲ್ಲಿಲ್ಲದವರು ರೂಪಾಯಿಯನ್ನೇ ಕಲ್ಲು ಮಾಡಿಕೊಳ್ಳುತ್ತಿದ್ದರು. ಹಾಲಿ ರೂಪಾಯಿಗೆ ತೂಗಿದ ಲವಂಗ ಒಂದಿಷ್ಟು ಕಡಿಮೆ ಬಿದ್ದರೂ ಖಾರ ಕೆಡುತ್ತಿರಲಿಲ್ಲ, ಏಕೆಂದರೆ ಎಲ್ಲ ಮಸಾಲೆಯೂ ಅದೇ ರೂಪಾಯಿಗೆ ತೂಗಿದ್ದಾಗಿರುತ್ತಿತ್ತು. ಅಡಿಗೆಯಲ್ಲಿ ಮುಖ್ಯ ಇದೇ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಅಳೆದರೆ ಅಳತೆ ಯಾವುದಾದರೂ ನಡೆಯುತ್ತದೆ. ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಅಳೆದರೆ ನನ್ನ ಉಂಡಿಯ ಹಾಗೆ ಆಗುತ್ತದೆ.

ಧಾನ್ಯವನ್ನು ಮಾತ್ರ ಹೆಂಗಸರು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಅದಕ್ಕೆ ಕಾರಣವೂ ಇದೆ. ತಕ್ಕಡಿ ಅಂಗಡಿಯವನ ಕೈಯಲ್ಲಿರುತ್ತದೆ. ಪರಡಿಯ ಅಡಿಗೆ ಹುಣಸೆಹಣ್ಣು ಮೆತ್ತಿದ್ದಾನೋ, ದಾರ ಎಳೆದು ಹಿಡಿದಿದ್ದಾನೋ ನಮಗೇನು ಗೊತ್ತು? ಪಾವು ಹಾಗಲ್ಲ. ಕೊಡುವವರ ಕಣ್ಣಿಗೂ ಕಾಣುತ್ತದೆ, ಕೊಳ್ಳುವವರ ಕಣ್ಣಿಗೂ ಕಾಣುತ್ತದೆ. ಓದು ಬರಹ ಬೇಡ. ಅಳೆಯುವಾಗ ಒಂದು ಎನ್ನದೆ "ಲಾಭ" ಎಂದು ಮೊದಲುಮಾಡಿ ಎರಡು, ಮೂರು ಎಂದು ಎಣಿಸುತ್ತಾ ಹೋಗುವುದು ನಮ್ಮ ಕಡೆಯ ಪದ್ಧತಿ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಈ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಆ ಕಾಲದ ಶಾಸನಗಳಲ್ಲಿ ದೇವರ ದೀಪಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ನೈವೇದ್ಯಕ್ಕೆ ಇಷ್ಟು ಕೊಳಗ ಅಕ್ಕಿ ಎಂದು ಬರೆದಿರುತ್ತಾರೆ. ಸೊಲ್ಲಗೆ, ಮಾನ, ಬಳ್ಳ, ಕೊಳಗ, ಖಂಡುಗ, ಎಲ್ಲವೂ ತುಂಬಿ ಅಳೆಯುವ ಅಳತೆಗಳೇ. ಅಡಿಗೆಯ ಬಗ್ಗೆ ಬರೆದವರೂ ಈ ಚಾಲುಕ್ಯರ ಆಶ್ರಯದಲ್ಲಿದ್ದರು. ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದು ಅದರಲ್ಲಿ ಅಡಿಗೆಗೂ ಜಾಗ ಕೊಟ್ಟ. ಅದಾದ ನೂರು ವರ್ಷಕ್ಕೆ ಮೂರನೆಯ ಸೋಮೇಶ್ವರ ರಾಜನೇ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದು ಉದ್ದಿನ ಇಡ್ಡರಿಕೆಯಿಂದ ಹಿಡಿದು ಅರಮನೆಯ ಊಟವನ್ನೆಲ್ಲ ವರ್ಣಿಸಿದ. ಗ್ರಂಥಗಳನ್ನು ಬರೆದವರೆಲ್ಲ ಗಂಡಸರು. ಸೌಟು ಹಿಡಿದ ಕೈಗಳ ಲೆಕ್ಕ ಮಾತ್ರ ಬಾಯಿಂದ ಬಾಯಿಗೆ, ತಾಯಿಂದ ಮಗಳಿಗೆ ಬಂದದ್ದು.

ನಮ್ಮ ಆಯಿ, ಅಂದರೆ ತಾಯಿಯ ತಾಯಿ, ಹುಮನಾಬಾದ ತಾಲೂಕಿನ ಒಂದು ಹಳ್ಳಿಯವಳು. ಮುತ್ಯಾ ಬೇಗ ತೀರಿಕೊಂಡಿದ್ದ. ಹೊಲ ಇರಲಿಲ್ಲ. ಆಯಿ ಸುಗ್ಗಿಯಲ್ಲಿ ಕೂಲಿ, ಉಳಿದ ದಿನ ಉಳ್ಳವರ ಮನೆಯ ಜೋಳ ಬೀಸಿಕೊಟ್ಟು ನಮ್ಮ ಅವ್ವನನ್ನೂ ಚಿಕ್ಕಮ್ಮನನ್ನೂ ಸಾಕಿದಳು. ಆಗ ಕೂಲಿ ದುಡ್ಡಿನಲ್ಲಿ ಇರಲಿಲ್ಲ, ಕಾಳಿನಲ್ಲಿ. ದಿನಕ್ಕೆ ಎರಡು ಸೇರು ಜೋಳ ಎಂದು ಮಾತಾಗಿತ್ತು.

ಆಯಿಯ ಹತ್ತಿರ ಒಂದು ಹಿತ್ತಾಳೆಯ ಪಾವು ಇತ್ತು. ಹುಮನಾಬಾದದ ವೀರಭದ್ರ ದೇವರ ಜಾತ್ರೆಯಲ್ಲಿ ಕೊಂಡದ್ದು. ಮನೆಯಲ್ಲಿದ್ದ ಹಿತ್ತಾಳೆ ಅದೊಂದೇ. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದದ್ದು 1948ರಲ್ಲಿ. ಅದಾದ ಎರಡು ಮೂರು ವರ್ಷಕ್ಕೆ, ನಾನು ಹುಟ್ಟುವ ಮೊದಲು, ಒಂದು ಸುಗ್ಗಿಯಲ್ಲಿ ಜಗಳವಾಯಿತು. ಹೊಲದ ಯಜಮಾನರ ಮನುಷ್ಯ ಕೂಲಿ ಅಳೆಯುವಾಗ ಸೇರಿನ ಬಾಯಿಯ ಮೇಲೆ ಕೋಲು ಎಳೆದು ಕಾಳನ್ನು ಸವರಿ ಕೊಡಲು ಶುರುಮಾಡಿದ. ಅದಕ್ಕೆ ಮೊದಲು ಗುಪ್ಪೆ ಏರಿಸಿ, ಕಾಳು ತಾನಾಗಿ ಅಂಚಿನಿಂದ ಉರುಳುವವರೆಗೆ ತುಂಬಿ ಕೊಡುತ್ತಿದ್ದರಂತೆ. ಆಯಿ ಮನೆಗೆ ಬಂದು ಆ ಜೋಳವನ್ನು ತನ್ನ ಪಾವಿನಲ್ಲಿ ಏರಿಸಿ ಅಳೆದಳು. ಎಂಟು ಪಾವು ಆಗಬೇಕಾದದ್ದು ಏಳು ಪಾವಾಗಿ, ಎಂಟನೆಯದು ಮೂರರಲ್ಲೊಂದು ಪಾಲು ಮಾತ್ರ ತುಂಬಿತು. ಅಂದೇ ಸಂಜೆ ಜೋಳವನ್ನೂ ಪಾವನ್ನೂ ಉಡಿಯಲ್ಲಿ ಕಟ್ಟಿಕೊಂಡು ಕಣಕ್ಕೆ ಹೋಗಿ ಎಲ್ಲರ ಮುಂದೆ ಅಳೆದು ತೋರಿಸಿದಳು.

"ಸವರಿ ಕೊಟ್ಟದ್ದೇ ಸರಿ ಅಳತಿ. ಏರಿಸಿ ಕೊಡೂದು ನಮ್ಮ ಧರ್ಮ. ಧರ್ಮ ಕೇಳ್ಲಾಕ ಬಂದೀಯೇನು?" ಎಂದನಂತೆ ಆತ.

"ಧರ್ಮ ಅಲ್ಲ, ನನ್ನ ಕೂಲಿ" ಎಂದಳಂತೆ ಆಯಿ.

ಯಾರೂ ಆಯಿಯ ಪರ ಮಾತಾಡಲಿಲ್ಲ. ಮರುದಿನದಿಂದ ಆ ಕಣಕ್ಕೆ ಅವಳನ್ನು ಕರೆಯಲಿಲ್ಲ. ಊರಲ್ಲಿ ಆಸೆಬುರುಕಿ ಎಂಬ ಹೆಸರು ಮಾತ್ರ ಉಳಿಯಿತು. ನಮ್ಮ ಅವ್ವ ಬಾವಿಗೆ ನೀರಿಗೆ ಹೋದರೆ ಓರಗೆಯ ಹುಡುಗಿಯರು "ಏರಿಸಿ ತುಂಬಲೇನ ನಿನ್ನ ಕೊಡಾ?" ಎಂದು ಕೆಣಕುತ್ತಿದ್ದರಂತೆ. ಅವ್ವ ಈ ಕಥೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ಏಳು ಪಾವು, ಎಂಟನೆಯದು ಮೂರರಲ್ಲೊಂದು ಪಾಲು ಎಂಬ ಲೆಕ್ಕ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಆದರೆ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: "ನಮ್ಮವ್ವ ಸುಮ್ಮನಿರಬೇಕಾಗಿತ್ತು. ಏರಿಸಿ ಕೊಡೂದು ಅವರ ಖುಷಿ. ಅದಕ್ಕ ಹಕ್ಕಂತ ಜಗಳ ಆಡ್ತಾರೇನು?" ಆ ಪಾವನ್ನು ಅವ್ವ ಅಡಿಗೆಮನೆಗೆ ತರಲೇ ಇಲ್ಲ. ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ಅಡಿಗೆ ಇಟ್ಟುಬಿಟ್ಟಿದ್ದಳು.

ನಾನು ಬುದ್ಧಿ ತಿಳಿಯುವ ಹೊತ್ತಿಗೆ ನಾವು ಹುಮನಾಬಾದ ಸೇರಿದ್ದೆವು, ಕಾಲವೂ ಬದಲಾಗಿತ್ತು. ಆ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಲೆಕ್ಕ ಮರೆತು ಎಷ್ಟು ಹೊಸ ಲೆಕ್ಕ ಕಲಿತರು ಎಂದು ಯೋಚಿಸಿದರೆ ಈಗ ಆಶ್ಚರ್ಯವಾಗುತ್ತದೆ. ಹಾಲಿ ಸಿಕ್ಕಾ ಹೋಗಿ ಇಂಡಿಯಾ ರೂಪಾಯಿ ಒಂದೇ ಉಳಿಯಿತು. 1956ರ ನವೆಂಬರ್ 1ಕ್ಕೆ ಹೈದರಾಬಾದ ರಾಜ್ಯವೇ ಇಲ್ಲವಾಗಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯೆ ಪೈಸೆ ಬಂತು. ನಾಲ್ಕಾಣೆಗೆ 25 ಪೈಸೆ ಸರಿ, ಎಂಟಾಣೆಗೆ 50 ಸರಿ, ಆದರೆ ಒಂದಾಣೆಗೆ ಆರೂ ಕಾಲು ಪೈಸೆ. ಆ ಕಾಲು ಪೈಸೆ ಯಾರ ಜೇಬಿಗೆ ಹೋಗಬೇಕು? ಅದರ ಬೆನ್ನಿಗೇ ಕಿಲೋ ಬಂತು. ತೂಕ ಅಳತೆಗಳ ಕಾನೂನು ಆದದ್ದು 1956ರಲ್ಲಿ. 1958ರ ಅಕ್ಟೋಬರದಿಂದ ದೇಶದ ಕೆಲವು ಕಡೆ ಶುರುವಾಗಿ, 1962ರ ಏಪ್ರಿಲ್ 1ರಿಂದ ಎಲ್ಲ ಕಡೆ ಕಿಲೋ ತೂಕವೇ ಕಡ್ಡಾಯವಾಯಿತು.

ಆಗ ನನಗೆ ಒಂಬತ್ತು ವರ್ಷ. ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕೋಷ್ಟಕ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದರು. ವಸ್ತುಗಳ ಹೆಸರು ಕನ್ನಡದಲ್ಲಿ, ಅಂಕಿಗಳು ಉರ್ದುವಿನಲ್ಲಿ! ಸೇರು 933 ಗ್ರಾಂ, ಅರ್ಧ ಸೇರು 467, ಪಾವು ಸೇರು 233, ಛಟಾಕು 58. ಅಂಗಡಿಯಲ್ಲಿ ಪಲ್ಲದ ಲೆಕ್ಕವೂ ಹೋಗಿ ಕ್ವಿಂಟಲ್ ಬಂದಿತ್ತು. ನಮ್ಮ ರಾಜ್ಯದ ಒಂದು ಪಲ್ಲ ಎಂದರೆ 120 ಸೇರು, ಅಂದರೆ ಸುಮಾರು 112 ಕಿಲೋ. ಅಪ್ಪ ದಿನವೂ ಅದರ ಗುಣಾಕಾರ ಭಾಗಾಕಾರದಲ್ಲೇ ಇರುತ್ತಿದ್ದರು. ಅವ್ವನಿಗೆ ಅವರು ಹೇಳಿಕೊಟ್ಟದ್ದು ಒಂದೇ ಸೂತ್ರ: ಒಂದು ರೂಪಾಯಿಗೆ ಸೇರು ಸಿಗುತ್ತಿದ್ದ ವಸ್ತು ಕಿಲೋಗೆ 107 ಪೈಸೆ ಆದರೆ ಸರಿ, ಅದಕ್ಕಿಂತ ಹೆಚ್ಚು ಕೇಳಿದರೆ ಅಂಗಡಿ ಬದಲಿಸು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಎಂಟು ದಿನದಲ್ಲಿ ಆ ಏಳು ಪೈಸೆಯ ಲೆಕ್ಕ ಅವಳ ಬಾಯಲ್ಲಿತ್ತು.

ಪೇಟೆಯಲ್ಲಿದ್ದ ನಮ್ಮ ಮನೆಯಲ್ಲಿ ಹೀಗೆ ಪಾವು ಎಂದರೆ ಪಾವು ಕಿಲೋ ಆಗಿಹೋಯಿತು. ಹೊಲ ಮನೆ ಇದ್ದ ನಮ್ಮ ಅತ್ತೆಯವರ ಮನೆಯಲ್ಲಿ ಕಾಳು ಕಡಿ ಮನೆಯದೇ, ಅಂಗಡಿಯ ಗೊಡವೆ ಇಲ್ಲ. ಅಲ್ಲಿ ಪಾವು ಹಿತ್ತಾಳೆಯದಾಗಿಯೇ ಉಳಿಯಿತು. 1974ರಲ್ಲಿ ನನ್ನ ಉಂಡಿ ಉದುರಿದ್ದು ಈ ಕಾರಣಕ್ಕೆ.

ಅವ್ವ 2009ರಲ್ಲಿ ತೀರಿಕೊಂಡಳು. ಟ್ರಂಕು ಬಿಚ್ಚಿದಾಗ ಆಯಿಯ ಪಾವು ನನ್ನ ಪಾಲಿಗೆ ಬಂತು. ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದೆ, ಅಷ್ಟೆ.

ಮಗಳ ಫೋನಿನ ದಿನ ಆಕೆಗೆ ಅಂದಾಜಿನಲ್ಲಿ ಉತ್ತರ ಹೇಳುವುದು ಬೇಡವೆನಿಸಿತು. ಪಾವಿನ ಅರ್ಧ ಎಂದು ಆಕೆ 125 ಗ್ರಾಂ ಹಿಟ್ಟು ಹಾಕಿದ್ದರೆ ಭಜ್ಜಿ ಹೋಗಿ ಝುಣಕ ಆಗುತ್ತಿತ್ತು. ಹಿಂದಿನ ವರ್ಷ ಆಕೆಯೇ ತಂದುಕೊಟ್ಟ ಬ್ಯಾಟರಿಯ ಪುಟ್ಟ ತಕ್ಕಡಿ ಮನೆಯಲ್ಲಿತ್ತು. ಅತ್ತೆಯವರ ಪಾವಿನ ಅಡಿ ಸೀಳಿ ಎಂದೋ ಹಾಳಾಗಿತ್ತು. ಅದರಷ್ಟೇ ಕಾಣುತ್ತಿದ್ದ ಆಯಿಯ ಪಾವನ್ನು ತಂದೆ. ಮೊದಲು ನೀರು ತುಂಬಿ ತೂಗಿದೆ: 280 ಗ್ರಾಂ. ನೀರಿನ ಒಂದು ಗ್ರಾಂ ಒಂದು ಮಿಲಿಲೀಟರು, ಆದ್ದರಿಂದ ಪಾತ್ರೆ 280 ಮಿಲಿಲೀಟರಿನದು. ಆಮೇಲೆ ಒಂದೊಂದೇ ಡಬ್ಬಿ ಇಳಿಸಿ ಬಾಯಿ ಸವರಿ ತೂಗುತ್ತಾ ಹೋದೆ. ಅಕ್ಕಿ 230 ಗ್ರಾಂ, ತೊಗರಿಬೇಳೆ 235, ಸಕ್ಕರೆ 238, ಜೋಳದ ಹಿಟ್ಟು 145, ಜರಡಿ ಹಿಡಿದ ಕಡಲೆ ಹಿಟ್ಟು 120, ತುಪ್ಪ 255, ಪುಡಿ ಉಪ್ಪು 335, ಸುಸಲಾ ಮಾಡುವ ಚುರುಮುರಿ ಬರೀ 20. ಒಂದೇ ಪಾತ್ರೆ, ಇಷ್ಟು ಬಗೆಯ ತೂಕ! ಹಿಟ್ಟಿನ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ಅದೇ ಹಿಟ್ಟನ್ನು ಒತ್ತಿ ತುಂಬಿದರೆ ಮೂವತ್ತು ನಲವತ್ತು ಗ್ರಾಂ ಹೆಚ್ಚು ಹಿಡಿಯುತ್ತದೆ. ಈ ಪುಟ ಓದುವ ಅಕ್ಕ ತಂಗಿಯರು ತಮ್ಮ ಮನೆಯ ಪಾವಿನಲ್ಲೋ ಲೋಟದಲ್ಲೋ ಒಮ್ಮೆ ಹೀಗೆ ತೂಗಿ ಬರೆದಿಟ್ಟುಕೊಂಡರೆ, ದೂರದೂರಿನ ಮಗಳಿಗೆ ಸೊಸೆಗೆ ಅಡಿಗೆ ಹೇಳುವುದು ಸುಲಭವಾಗುತ್ತದೆ. ಮಗಳಿಗೆ ಫೋನಿನಲ್ಲಿ ಹೇಳಿದೆ: "ಅರವತ್ತು ಗ್ರಾಂ."

ಡಬ್ಬಿಗಳನ್ನು ಎತ್ತಿಡುವ ಮೊದಲು ಕೊನೆಗೆ ಉಳಿದದ್ದು ಜೋಳ. ಬಾಯಿ ಸವರಿ ತೂಗಿದೆ: 213 ಗ್ರಾಂ. ಆಮೇಲೆ ಏನನ್ನಿಸಿತೋ, ಆಯಿ ತುಂಬುತ್ತಿದ್ದ ಹಾಗೆ ಏರಿಸಿದೆ. ಕಾಳು ಗೋಪುರದ ಹಾಗೆ ನಿಂತು, ಇನ್ನು ಹಾಕಿದರೆ ಅಂಚಿನಿಂದ ಉರುಳುತ್ತದೆ ಎನ್ನುವವರೆಗೆ ತುಂಬಿ ತಕ್ಕಡಿಯ ಮೇಲಿಟ್ಟೆ. 232.

ಅಪ್ಪನ ಕ್ಯಾಲೆಂಡರಿನ ಕೋಷ್ಟಕ ಕಣ್ಣ ಮುಂದೆ ಬಂತು. ಪಾವು ಸೇರು 233.

ನಾನು ಮತ್ತೆ ಮೂರು ಸಲ ತುಂಬಿ ತೂಗಿದೆ. ಒಂದೆರಡು ಗ್ರಾಂ ಆಚೆ ಈಚೆ, ಅಷ್ಟೆ. ಅಂದರೆ ಆ ಪಾವನ್ನು ಮಾಡಿದ ಕಂಚುಗಾರ ಅದನ್ನು ಏರಿಸಿ ತುಂಬಲೆಂದೇ ಮಾಡಿದ್ದ. ಗುಪ್ಪೆ ಸೇರಿದರೆ ಮಾತ್ರ ಅದು ತೂಕದ ಪಾವಿಗೆ ಸರಿಯಾಗುತ್ತಿತ್ತು. ಮೇಲಿನ ಗುಪ್ಪೆ ಯಾರ ಧರ್ಮವೂ ಅಲ್ಲ, ಯಾರ ಖುಷಿಯೂ ಅಲ್ಲ. ಅದು ಅಳತೆಯದೇ ಒಂದು ಭಾಗ.

ಕಾಗದ ತಂದು ಲೆಕ್ಕ ಹಾಕಿದೆ. ಎರಡು ಸೇರು ಕೂಲಿ ಎಂದರೆ 1866 ಗ್ರಾಂ. ಸವರಿದ ಎಂಟು ಪಾವು ಎಂದರೆ 1704 ಗ್ರಾಂ. ದಿನಕ್ಕೆ 162 ಗ್ರಾಂ ಕಡಿಮೆ, ಎರಡು ರೊಟ್ಟಿಯ ಜೋಳ. ಇಪ್ಪತ್ತು ದಿನದ ಸುಗ್ಗಿಗೆ ಮೂರು ಕಿಲೋಗೂ ಮೇಲೆ, ಅದೂ ಒಬ್ಬ ಹೆಣ್ಣುಮಗಳದ್ದು. ಆ ಕಣದಲ್ಲಿ ಇನ್ನೆಷ್ಟು ಜನ ಇದ್ದರೋ. ಕಣದ ಸೇರು ಈಗ ಇಲ್ಲ, ಅದರ ಯಜಮಾನರೂ ಇಲ್ಲ. ಆದರೆ ಆಯಿಯ ಲೆಕ್ಕ ಅವ್ವನ ಬಾಯಲ್ಲಿ ಉಳಿದು ನನ್ನವರೆಗೆ ಬಂದಿತ್ತಲ್ಲ. ಅದನ್ನೂ ಪರೀಕ್ಷಿಸಿದೆ. ಸವರಿ ಕೊಟ್ಟ 1704 ಗ್ರಾಂ ಜೋಳವನ್ನು 232ರ ಹಾಗೆ ಏರಿಸಿ ಅಳೆದರೆ ಏಳು ಪಾವಿಗೆ 1624 ಆಗುತ್ತದೆ, ಉಳಿಯುವುದು 80. ಅದು ಪಾವಿನ ಮೂರರಲ್ಲೊಂದು ಪಾಲು. ಆಯಿ ಒಂದು ಕಾಳನ್ನೂ ಹೆಚ್ಚು ಹೇಳಿರಲಿಲ್ಲ.

ಎಷ್ಟೋ ಹೊತ್ತು ಪಾವನ್ನು ಹಿಡಿದು ಕೂತಿದ್ದೆ. ಅವ್ವ ಇದ್ದಿದ್ದರೆ ತೋರಿಸಬಹುದಾಗಿತ್ತು. ತನ್ನ ತಾಯಿ ಆಸೆಬುರುಕಿ ಎಂದು ನಾಚಿಕೊಂಡೇ ಆಕೆ ಬದುಕು ಮುಗಿಸಿದಳು. ತೂಕದ ಕಲ್ಲು ಇದ್ದದ್ದು ಕಣದ ಯಜಮಾನರ ಮನೆಯಲ್ಲಿ. ಆಯಿಗೆ ಇದ್ದದ್ದು ಕೈ ಅಳತೆ ಮಾತ್ರ.

ಪಾತ್ರೆಯ ಬಾಯಿ ಸವರಿ ಅಳೆಯುವುದೇ ಶಾಸ್ತ್ರೀಯ ಎಂದು ಜಗತ್ತು ಒಪ್ಪಿಕೊಂಡಿದೆ. ಅಮೆರಿಕದ ಬೋಸ್ಟನ್ನಿನಲ್ಲಿ ಫ್ಯಾನಿ ಫಾರ್ಮರ್ ಎಂಬ ಅಡಿಗೆ ಶಾಲೆಯ ಶಿಕ್ಷಕಿ 1896ರಲ್ಲಿ ಒಂದು ಪುಸ್ತಕ ಬರೆದು, ಕಪ್ಪು ಚಮಚೆಗಳನ್ನು ತುಂಬಿ ಚಾಕುವಿನಿಂದ ಸವರಿಯೇ ಅಳೆಯಬೇಕು ಎಂದು ಕಲಿಸಿದಳು. ಇಂದಿಗೂ ಅಮೆರಿಕದ ಅಡಿಗೆ ಕಪ್ಪಿನ ಲೆಕ್ಕದಲ್ಲೇ ನಡೆಯುತ್ತದೆ. ಅವರ ಕಪ್ಪು ಸುಮಾರು 237 ಮಿಲಿಲೀಟರು, ನಮ್ಮ ಆಯಿಯ ಪಾವಿಗಿಂತ ಚಿಕ್ಕದು. ಅವಳ ಮಾತು ಸರಿಯೇ, ಏಕೆಂದರೆ ಆ ಕಪ್ಪನ್ನು ಸವರುವುದಕ್ಕೆಂದೇ ಮಾಡಿದ್ದರು. ಏರಿಸಲೆಂದು ಮಾಡಿದ ಪಾತ್ರೆಯನ್ನು ಸವರಿದರೆ ಶಾಸ್ತ್ರವಾಗುವುದಿಲ್ಲ, ಮೋಸವಾಗುತ್ತದೆ. ಅಳತೆ ಎಂದರೆ ಪಾತ್ರೆ ಒಂದೇ ಅಲ್ಲ, ಅದನ್ನು ಹೇಗೆ ತುಂಬಬೇಕು ಎಂಬ ಮಾತೂ ಅದರಲ್ಲಿ ಸೇರಿದೆ.

ಈಗ ಕಾನೂನುಗಳಿಗೆ ಕೊರತೆಯಿಲ್ಲ. 2009ರ ಕಾನೂನು 2011ರ ಏಪ್ರಿಲಿನಿಂದ ಜಾರಿಯಲ್ಲಿದೆ. ಪ್ಯಾಕೆಟಿನ ಮೇಲೆ ತೂಕ ಬರೆದಿರಬೇಕು. ಆದರೂ ಹೆಣ್ಣುಮಕ್ಕಳು ಕಣ್ಣು ಬಿಟ್ಟಿರಬೇಕು. ಎಣ್ಣೆಯ ಪ್ಯಾಕೆಟನ್ನೇ ನೋಡಿ. ಒಂದು ಲೀಟರ್ ಎಂದು ದೊಡ್ಡದಾಗಿ, 910 ಗ್ರಾಂ ಎಂದು ಚಿಕ್ಕದಾಗಿ ಇರುತ್ತದೆ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಲೀಟರು ಕಿಲೋ ಆಗುವುದಿಲ್ಲ. ಆದರೆ ಎಣ್ಣೆ ಕಾದರೆ ಹಿಗ್ಗುತ್ತದೆ. ಕೆಲವರು 60 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಎಂದು ಬರೆಯುತ್ತಿದ್ದರು. ಅಷ್ಟು ಬಿಸಿಯಲ್ಲಿ ಅಳೆದ ಲೀಟರಿನಲ್ಲಿ ಸಾಮಾನ್ಯ ಉಷ್ಣತೆಯ ಲೀಟರಿಗಿಂತ ಸುಮಾರು 25 ಗ್ರಾಂ ಎಣ್ಣೆ ಕಡಿಮೆ. 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಹೀಗೆ ಉಷ್ಣತೆ ಬರೆಯುವುದನ್ನು ಬಿಡಿ, ತೂಕ ಸರಿಯಾಗಿರಲಿ ಎಂದು ಕಂಪನಿಗಳಿಗೆ ಸೂಚಿಸಿತು. ಸುದ್ದಿ ಓದಿ ನನಗೆ ಆ ಕಣದ ಕೋಲು ನೆನಪಾಯಿತು. ಕೋಲಿನ ಬದಲು ಶಾಖ, ಅಷ್ಟೇ ವ್ಯತ್ಯಾಸ.

ನಾನಿರುವ ಈ ಕಲ್ಯಾಣದಲ್ಲಿ ಬಸವಣ್ಣನವರ ಕಾಲಕ್ಕೆ ಆಯ್ದಕ್ಕಿ ಲಕ್ಕಮ್ಮ ಎಂಬ ಶರಣೆ ಇದ್ದಳು. ಆಕೆಯ ಗಂಡ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಅದರಲ್ಲೇ ಸಂಸಾರವೂ ದಾಸೋಹವೂ ನಡೆಯುತ್ತಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇದು ನಮ್ಮದಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳು. ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದವರು. ದುರಾಸೆ ಬೇಡ ಎನ್ನಲು ಹಿರಿಯರು ಇದನ್ನೇ ಹೇಳುತ್ತಿದ್ದರು. ನಮ್ಮ ಅವ್ವನೂ ತನ್ನ ತಾಯಿಯ ಮಾತು ಬಂದಾಗ ಲಕ್ಕಮ್ಮನ ಹೆಸರು ತೆಗೆಯುತ್ತಿದ್ದಳು.

ಈಗ ನನಗೆ ಆ ಕಥೆ ಬೇರೆಯಾಗಿ ಕಾಣುತ್ತದೆ. ಲಕ್ಕಮ್ಮನಿಗೆ ಅಕ್ಕಿ ಹೆಚ್ಚಾಗಿದೆ ಎಂದು ಗೊತ್ತಾದದ್ದು ಹೇಗೆ? ದಿನವೂ ಆ ಗಂಟನ್ನು ಎತ್ತಿ ಇಳಿಸಿದ ಕೈ ಅದು. ತನಗೆ ಸಲ್ಲುವುದೆಷ್ಟು ಎಂಬುದು ಆ ಕೈಗೆ ಗೊತ್ತಿತ್ತು. ಹೆಚ್ಚಾದಾಗ ಬೇಡ ಎನ್ನಲು ಬೇಕಾದದ್ದು ಅದೇ ತಿಳಿವು, ಕಡಿಮೆಯಾದಾಗ ಕೊಡು ಎನ್ನಲು ಬೇಕಾದದ್ದೂ ಅದೇ ತಿಳಿವು. ಹಾಗೆ ನೋಡಿದರೆ ನಮ್ಮ ಆಯಿ ಲಕ್ಕಮ್ಮನ ಬೀದಿಯವಳೇ.

ನಮ್ಮ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಹೆಸರು ಚೆನ್ನಾಗಿದೆ. ದಿನಗೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಅವರ ಪಾವು ಏರಿಸಿಯೇ ಸಿಗುವ ದಿನ ಆ ಹೆಸರು ಪೂರ್ತಿ ನಮ್ಮದಾಗುತ್ತದೆ.

ಹಬ್ಬದ ಮರುದಿನ ಮಗಳು ಮತ್ತೆ ಫೋನು ಮಾಡಿದಳು. ಭಜ್ಜಿ ಚೆನ್ನಾಗಿ ಆಯಿತಂತೆ. ಅರವತ್ತು ಗ್ರಾಂ ಸರಿಯಾಗಿತ್ತಂತೆ. ನಾನು ಆಕೆಗೆ ಆಯಿಯ ಕಥೆ ಹೇಳಿದೆ. ಅವ್ವ ಕೊನೆಗೆ ಸೇರಿಸುತ್ತಿದ್ದ ಮಾತನ್ನು ಬಿಟ್ಟು, 213, 232, 233 ಎಂಬ ಮೂರು ಅಂಕಿಗಳನ್ನು ಸೇರಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪಾವ ಮುಂದ ನನಗ ಕೊಡು ಅವ್ವಾ" ಎಂದಳು.

ಕೊಡುತ್ತೇನೆ. ಸದ್ಯಕ್ಕೆ ಅದು ದೇವರ ಗೂಡಿನ ಪಕ್ಕದಿಂದ ಎದ್ದು ನನ್ನ ಜೋಳದ ಡಬ್ಬಿಯೊಳಗೆ ಬಂದು ಕೂತಿದೆ. ಬೀಸಲು ಕೊಡುವಾಗ ದಿನವೂ ಅದರಲ್ಲೇ ಅಳೆಯುತ್ತೇನೆ, ಏರಿಸಿ.